ಒಂದೇ ಅವಧಿಯಲ್ಲಿ ಇಡೀ ಜಾಲ: ಸೆವಿಲ್ ನಗರದ ಸೈಕಲ್ ಪಥಗಳ ಪ್ರಕರಣ ಅಧ್ಯಯನ

ಸ್ಪೇನಿನ ದಕ್ಷಿಣ ಭಾಗದ ಆಂದಲೂಸಿಯಾ ಪ್ರಾಂತ್ಯದ ರಾಜಧಾನಿ ಸೆವಿಲ್. ಗ್ವಾದಲ್‌ಕಿವಿರ್ ನದಿಯ ಬಯಲಿನಲ್ಲಿ ಹರಡಿಕೊಂಡ ಊರು. ಜನಸಂಖ್ಯೆ 7 ಲಕ್ಷದ ಆಸುಪಾಸು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. 2006ಕ್ಕೆ ಮುಂಚೆ ಇಲ್ಲಿದ್ದ ಸೈಕಲ್ ಪಥ ಸುಮಾರು 12 ಕಿಲೋಮೀಟರ್, ಅದೂ ಒಂದಕ್ಕೊಂದು ಸಂಬಂಧವಿಲ್ಲದ ತುಂಡುಗಳು. ಊರಿನ ಒಟ್ಟು ಓಡಾಟದಲ್ಲಿ ಸೈಕಲ್ಲಿನ ಪಾಲು ಶೇ 1ನ್ನೂ ಮುಟ್ಟಿರಲಿಲ್ಲ. 2010ರ ಹೊತ್ತಿಗೆ ಪಥದ ಉದ್ದ 120 ಕಿಲೋಮೀಟರಿನಷ್ಟಾಯಿತು. ದಿನಕ್ಕೆ 6,000ದಷ್ಟಿದ್ದ ಸೈಕಲ್ ಪ್ರಯಾಣಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ 70,000 ದಾಟಿತು, ಪಾಲು ಶೇ 6ರ ಸುಮಾರಿಗೆ ಏರಿತು.

ಈ ಅಂಕಿಗಳನ್ನು ಮುಂದಿಟ್ಟು ‘ಪಥ ಹಾಕಿ, ಜನ ತಾವಾಗಿ ಬರುತ್ತಾರೆ’ ಎನ್ನುವವರು ಬಹಳ. ಆದರೆ ಮೊದಲಿನ 12 ಕಿಲೋಮೀಟರಿಗೆ ಜನ ಬಂದಿರಲಿಲ್ಲ. ಅದೇ ಊರು, ಅದೇ ಬಿಸಿಲು, ಅದೇ ಜನ. ಎರಡರ ನಡುವೆ ಬದಲಾದದ್ದೇನು ಎಂಬುದನ್ನು ಬಿಡಿಸಿ ನೋಡಬೇಕು.

ತುಂಡು ಪಥದ ಗತಿ

ಮನೆಯಿಂದ ಕಚೇರಿಗೆ 4 ಕಿಲೋಮೀಟರ್ ಇದೆ ಎಂದುಕೊಳ್ಳಿ. ಅದರಲ್ಲಿ ಮೂರೂವರೆ ಕಿಲೋಮೀಟರ್ ಸುರಕ್ಷಿತ ಪಥವಿದ್ದು, ನಡುವಿನ 500 ಮೀಟರ್ ಬಸ್ಸು ಲಾರಿಗಳ ಮಧ್ಯೆ ನುಗ್ಗಬೇಕಾದರೆ, ಹೆದರುವವರಿಗೆ ಆ ಇಡೀ ದಾರಿಯೇ ಬೇಡವಾಗುತ್ತದೆ. ಸಂಚಾರದ ನಡುವೆ ಧೈರ್ಯವಾಗಿ ಸೈಕಲ್ ಹೊಡೆಯುವವರು ಪಥ ಇಲ್ಲದಿದ್ದರೂ ಬರುತ್ತಿದ್ದರು. ಉಳಿದವರನ್ನು ತಡೆದಿದ್ದದ್ದು ಆ 500 ಮೀಟರ್. ಪಾಲಿಕೆಗಳು ಸಾಮಾನ್ಯವಾಗಿ ಸುಲಭವಾಗಿ ಜಾಗ ಸಿಗುವ ಕಡೆ ಮೊದಲು ಪಥ ಹಾಕುತ್ತವೆ: ನದಿ ದಂಡೆ, ಉದ್ಯಾನದ ಬದಿ, ಹೊಸ ಬಡಾವಣೆಯ ಅಗಲ ರಸ್ತೆ. ಕಷ್ಟದ ಕೂಡುರಸ್ತೆ, ಸೇತುವೆ, ಅಂಗಡಿ ಬೀದಿಗಳನ್ನು ‘ಮುಂದಿನ ಹಂತ’ಕ್ಕೆ ತಳ್ಳುತ್ತವೆ. ಒಂದು ವರ್ಷ ಬಿಟ್ಟು ಎಣಿಸಿದರೆ ಪಥ ಖಾಲಿ. ಖಾಲಿ ಪಥದ ಫೋಟೋ ಪತ್ರಿಕೆಯಲ್ಲಿ ಬಂದರೆ ಮುಂದಿನ ಹಂತದ ಅನುದಾನಕ್ಕೆ ಅಲ್ಲಿಗೇ ಕಲ್ಲು ಬೀಳುತ್ತದೆ.

ಸೆವಿಲ್‌ನಲ್ಲಿ 1987ರಲ್ಲೇ ಹುಟ್ಟಿದ ‘ಆ ಕೊಂತ್ರಾಮಾನೊ’ ಎಂಬ ಸೈಕಲ್ ಸವಾರರ ಸಂಘಟನೆ ಎರಡು ದಶಕ ಪಥಗಳಿಗಾಗಿ ಒತ್ತಾಯಿಸುತ್ತಲೇ ಬಂದಿತ್ತು. ತುಂಡು ಪಥಗಳಿಂದ ಏನೂ ಆಗದು, ಬಡಾವಣೆಗಳನ್ನು ಒಂದಕ್ಕೊಂದು ಬೆಸೆಯುವ ಜಾಲ ಬೇಕು ಎಂಬ ವಾದಕ್ಕೆ ಆಡಳಿತ ಕಿವಿಗೊಟ್ಟದ್ದು 2003ರ ಪಾಲಿಕೆ ಚುನಾವಣೆಯ ಬಳಿಕ. ಸಮಾಜವಾದಿ ಪಕ್ಷದ ಮೇಯರ್ ಆಲ್ಫ್ರೆದೊ ಸಾಂಚೆಸ್ ಮೊಂತೆಸೆಯಿರಿನ್ ಅವರಿಗೆ ‘ಇಸ್ಕಿಯೆರ್ದಾ ಉನಿದಾ’ ಎಂಬ ಎಡಪಕ್ಷಗಳ ಕೂಟದ ಬೆಂಬಲ ಬೇಕಾಯಿತು. ಸೈಕಲ್ ಜಾಲ ಆ ಮೈತ್ರಿಯ ಕಾರ್ಯಸೂಚಿಗೆ ಸೇರಿತು. ಎಡಕೂಟದ ಹೋಸೆ ಆಂತೋನಿಯೊ ಗಾರ್ಸಿಯಾ ಸೆಬ್ರಿಯಾನ್ ಪಾಲಿಕೆಯೊಳಗಿಂದ ಅದನ್ನು ಮುನ್ನಡೆಸಿದರು. ಜಾಲದ ವಿನ್ಯಾಸ ಮಾಡಿದವರು ಮಾನುಯೆಲ್ ಕಾಲ್ವೊ.

ಕ್ಯಾಲೆಂಡರೇ ಯೋಜನೆಯ ಅಡಿಪಾಯ

ಮುಂದಿನ ಚುನಾವಣೆ 2007ರ ಮೇ ತಿಂಗಳಲ್ಲಿ. ರೂಪುರೇಷೆ, ಸಮೀಕ್ಷೆ, ವಿನ್ಯಾಸಕ್ಕೆ ಎರಡು ಮೂರು ವರ್ಷ ಹಿಡಿಯಿತು. ಕಾಮಗಾರಿಗೆ ಉಳಿದದ್ದು ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು. ಇಲ್ಲಿ ತೆಗೆದುಕೊಂಡ ತೀರ್ಮಾನವೇ ಈ ಪ್ರಕರಣದ ತಿರುಳು: ಪ್ರಾಯೋಗಿಕವಾಗಿ ಒಂದು ರಸ್ತೆ, ಆಮೇಲೆ ಇನ್ನೊಂದು ಎನ್ನದೆ, ಸುಮಾರು 80 ಕಿಲೋಮೀಟರಿನ ಮೂಲ ಜಾಲವನ್ನು ಒಂದೇ ಏಟಿಗೆ ಕೈಗೆತ್ತಿಕೊಂಡರು. ಊರಿನ ಎಷ್ಟೋ ಕಡೆ ಏಕಕಾಲಕ್ಕೆ ರಸ್ತೆ ಅಗೆತ. ಗಲಾಟೆ ಆಗಲೇಬೇಕಿತ್ತು, ಆಯಿತು. ಆದರೆ ಹಂತ ಹಂತವಾಗಿ ಮಾಡಿದ್ದರೆ ಪ್ರತಿ ಬೀದಿಯಲ್ಲೂ ಅದೇ ಜಗಳ ಮೊದಲಿನಿಂದ ಶುರುವಾಗುತ್ತಿತ್ತು, ಮತ್ತು ಪ್ರತಿ ಜಗಳದಲ್ಲೂ ‘ಮೊದಲು ಹಾಕಿದ ಪಥದಲ್ಲಿ ಯಾರು ಓಡಾಡುತ್ತಿದ್ದಾರೆ ತೋರಿಸಿ’ ಎಂಬ ಪ್ರಶ್ನೆಗೆ ಉತ್ತರ ಇರುತ್ತಿರಲಿಲ್ಲ.

2006ರಲ್ಲಿ ನಡೆದ ಜನಾಭಿಪ್ರಾಯ ಸಂಗ್ರಹದಲ್ಲಿ 10ರಲ್ಲಿ 9 ಮಂದಿ ಸೈಕಲ್ ಪಥ ಬೇಕು ಎಂದಿದ್ದರು. ಇಂಥ ಸಮೀಕ್ಷೆಯನ್ನು ಕಾಮಗಾರಿಗೆ ಮುಂಚೆಯೇ ಮಾಡಿಟ್ಟುಕೊಳ್ಳುವುದು ಬಹಳ ಮುಖ್ಯ. ಅಗೆತ ಶುರುವಾದ ಮೇಲೆ ಕೇಳಿದರೆ ಉತ್ತರ ಕೊಡುವುದು ಧೂಳು ಮತ್ತು ಕಿರಿಕಿರಿ. ಕೆಲಸದ ಬಹುಪಾಲು ಚುನಾವಣೆಯ ಹೊತ್ತಿಗೆ ಮುಗಿದಿತ್ತು, ಜನ ಆಗಲೇ ಪಥಕ್ಕೆ ಇಳಿದಿದ್ದರು, ಮೈತ್ರಿ ಮತ್ತೆ ಅಧಿಕಾರಕ್ಕೆ ಬಂತು. ಅದೇ ವರ್ಷ ‘ಸೆವಿಸಿ’ ಎಂಬ ಸಾರ್ವಜನಿಕ ಸೈಕಲ್ ಸೇವೆ ಆರಂಭವಾಯಿತು: ಸುಮಾರು 2,500 ಸೈಕಲ್, 250 ನಿಲ್ದಾಣ, ಚಂದಾದಾರರಿಗೆ ಮೊದಲ ಅರ್ಧ ಗಂಟೆ ಉಚಿತ. ಮನೆಯಲ್ಲಿ ಸೈಕಲ್ ಇಲ್ಲದವರೂ ಪಥ ತೆರೆದ ವರ್ಷವೇ ಅದನ್ನು ಬಳಸಿ ನೋಡುವಂತಾಯಿತು. ಬಾಡಿಗೆ ಸೈಕಲ್ ಮೊದಲು, ಪಥ ಆಮೇಲೆ ಎಂಬ ಕ್ರಮ ಅನುಸರಿಸಿದರೆ ನಿಲ್ದಾಣಗಳಲ್ಲೇ ಸೈಕಲ್ ತುಕ್ಕು ಹಿಡಿಯುವ ಅಪಾಯವಿದೆ.

ಎರಡೂವರೆ ಮೀಟರ್ ಎಲ್ಲಿಂದ ಬಂತು

ಸೆವಿಲ್ ಆರಿಸಿಕೊಂಡದ್ದು ರಸ್ತೆಯ ಒಂದೇ ಬದಿಯಲ್ಲಿ ಹೋಗಿ ಬರುವ ಎರಡೂ ದಿಕ್ಕಿನ ಪಥ. ಗುರಿ ಅಗಲ 2.5 ಮೀಟರ್, ಬಣ್ಣ ಹಸಿರು, ಮೋಟಾರು ವಾಹನಗಳಿಂದ ಗಟ್ಟಿಯಾದ ಬೇರ್ಪಡೆ. ಸಾಕಷ್ಟು ಜಾಗವನ್ನು ಕಿತ್ತುಕೊಂಡದ್ದು ಕಾರು ನಿಲ್ಲಿಸುವ ಸಾಲಿನಿಂದ. ಹಲವೆಡೆ ಆ ಸಾಲನ್ನು ಫುಟ್‌ಪಾತ್‌ನ ಮಟ್ಟಕ್ಕೇ ಎತ್ತರಿಸಿ ಪಥ ಮಾಡಿದರು.

ಅಳತೆ ಹಿಡಿದು ನೋಡಿದರೆ ಈ ಆಯ್ಕೆಯ ತರ್ಕ ಸ್ಪಷ್ಟವಾಗುತ್ತದೆ. ಸೈಕಲ್ ಹ್ಯಾಂಡಲ್ ಅಗಲ 60ರಿಂದ 75 ಸೆಂಟಿಮೀಟರ್. ಓಲಾಟಕ್ಕೆ ಸೇರಿ ಒಬ್ಬ ಸವಾರರಿಗೆ 1 ಮೀಟರ್. ಎದುರುಬದುರು ಇಬ್ಬರಿಗೆ 2 ಮೀಟರ್, ಎರಡು ಅಂಚಿನಲ್ಲಿ 25 ಸೆಂಟಿಮೀಟರಿನಂತೆ ಬಿಟ್ಟರೆ ಎರಡೂವರೆ. ರಸ್ತೆಗೆ ಸಮಾನಾಂತರವಾಗಿ ನಿಲ್ಲಿಸುವ ಪಾರ್ಕಿಂಗ್ ಸಾಲಿನ ಅಗಲ 2ರಿಂದ 2.2 ಮೀಟರ್. ಉಳಿದ 30–50 ಸೆಂಟಿಮೀಟರನ್ನು ಪಕ್ಕದ ವಾಹನ ಪಥವನ್ನು 3.5ರಿಂದ 3–3.2 ಮೀಟರಿಗೆ ಇಳಿಸಿ ಪಡೆಯಬಹುದು, ಅದರಿಂದ ವಾಹನಗಳ ವೇಗವೂ ತುಸು ತಗ್ಗುತ್ತದೆ. ಒಂದೇ ಬದಿಯ ಪಾರ್ಕಿಂಗ್ ತೆಗೆದರೆ ಸಾಕು. ಎರಡೂ ಬದಿಯಲ್ಲಿ ಒಂದೊಂದು ದಿಕ್ಕಿನ ಪಥ ಮಾಡಹೊರಟರೆ ಎರಡೂ ಬದಿಯ ಅಂಗಡಿಯವರೊಂದಿಗೆ ಜಟಾಪಟಿ, ಎರಡು ಸಾಲು ಕರ್ಬ್ ಕಲ್ಲು (ಅಂಚುಗಲ್ಲು), ಎರಡು ಪಟ್ಟು ಚರಂಡಿ ಕೆಲಸ.

ಕಾರುಗಳನ್ನು ಓರೆಯಾಗಿ ನಿಲ್ಲಿಸುವ ಬೀದಿಗಳಲ್ಲಿ ಇನ್ನೂ ಅನುಕೂಲ. ಓರೆ ಪಾರ್ಕಿಂಗ್ ಹಿಡಿಯುವ ಆಳ ಸುಮಾರು 5 ಮೀಟರ್. ಅದನ್ನು ನೇರ ಸಾಲಿಗೆ ತಿರುಗಿಸಿದರೆ 2.2 ಮೀಟರ್ ಕಾರಿಗೆ ಹೋಗಿ, ಉಳಿದದ್ದರಲ್ಲಿ ಪಥವೂ ಕಾರಿನ ಬಾಗಿಲು ತೆರೆಯಲು ಬೇಕಾದ ಅಂತರವೂ ಹತ್ತಿರಹತ್ತಿರ ಕೂಡಿಬರುತ್ತದೆ. ಈ ಬಾಗಿಲಿನ ಅಂತರವನ್ನು ಕಾಗದದ ಮೇಲೆ ಮೊದಲು ಕತ್ತರಿಸುವುದು ವಿನ್ಯಾಸಕಾರರ ಹಳೆಯ ಚಟ. ಕನಿಷ್ಠ 50 ಸೆಂಟಿಮೀಟರ್, ಸಾಧ್ಯವಾದರೆ 80 ಇರಲೇಬೇಕು. ಇಲ್ಲದಿದ್ದರೆ ಒಮ್ಮೆಲೇ ತೆರೆದ ಬಾಗಿಲಿಗೆ ಸವಾರ ಬಡಿಯುತ್ತಾನೆ, ಅಥವಾ ಆ ಭಯಕ್ಕೆ ಎಲ್ಲರೂ ಪಥದ ಇನ್ನೊಂದು ಅಂಚಿಗೆ ಒತ್ತಿಕೊಂಡು ಎದುರು ಬರುವವರಿಗೆ ಅಡ್ಡವಾಗುತ್ತಾರೆ.

ಒಟ್ಟು ಸುಮಾರು 5,000 ಪಾರ್ಕಿಂಗ್ ಜಾಗ ಹೋಯಿತು. ಕೇಳಲು ದೊಡ್ಡ ಸಂಖ್ಯೆ. ಹಂಚಿ ನೋಡಿದರೆ ಕಿಲೋಮೀಟರಿಗೆ 40ರಿಂದ 60 ಕಾರು. ನೇರ ಸಾಲಿನಲ್ಲಿ ಒಂದು ಕಾರಿಗೆ ಐದೂವರೆ ಮೀಟರ್ ಬೇಕು, ಅಂದರೆ ಒಂದು ಬದಿಯ 1 ಕಿಲೋಮೀಟರಿನಲ್ಲಿ ಗೇಟು, ತಿರುವು ಬಿಟ್ಟು 130–150 ಕಾರು ಹಿಡಿಸುತ್ತವೆ. ಅಷ್ಟೂ ಹೋಗಲಿಲ್ಲ, ಏಕೆಂದರೆ ಅಗಲ ರಸ್ತೆಗಳಲ್ಲಿ ವಾಹನ ಪಥದಿಂದ, ಹಸಿರುಪಟ್ಟಿಯಿಂದ ಜಾಗ ಸಿಕ್ಕ ಕಡೆ ಪಾರ್ಕಿಂಗ್ ಉಳಿಯಿತು. ಹೀಗೆ ಬೀದಿವಾರು ಲೆಕ್ಕ ಕೈಯಲ್ಲಿಟ್ಟುಕೊಂಡು ಸಭೆಗೆ ಹೋಗುವ ಅಧಿಕಾರಿಗೂ, ಬರೀ ಒಟ್ಟು ಸಂಖ್ಯೆ ಹಿಡಿದು ಹೋಗುವ ಅಧಿಕಾರಿಗೂ ಅಂಗಡಿ ಮಾಲೀಕರು ಕೊಡುವ ಉತ್ತರ ಬೇರೆಯೇ ಇರುತ್ತದೆ.

ಪಾರ್ಕಿಂಗ್ ಸಾಲನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸುವಾಗ ಎಡವುವುದು ನೀರಿನ ವಿಷಯದಲ್ಲಿ. ಹಳೆಯ ಕರ್ಬ್ ಪಕ್ಕದಲ್ಲಿದ್ದ ಮಳೆನೀರಿನ ಜಾಲರಿಗಳೆಲ್ಲ ಹೊಸ ಕರ್ಬ್ ಬಳಿಗೆ ಎರಡೂವರೆ ಮೀಟರ್ ಆಚೆ ಸರಿಯಬೇಕು. ಅದರ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಬಿಟ್ಟರೆ ಗುತ್ತಿಗೆದಾರ ಜಾಲರಿಯ ಮೇಲೆಯೇ ಕಾಂಕ್ರೀಟ್ ಸುರಿಯುತ್ತಾನೆ, ಮೊದಲ ಮಳೆಗೇ ಪಥ ಕೆರೆಯಾಗುತ್ತದೆ. ಪಥಕ್ಕೆ ಶೇ 2ರಷ್ಟು ಅಡ್ಡ ಇಳಿಜಾರು ಕೊಟ್ಟು ನೀರನ್ನು ವಾಹನ ರಸ್ತೆಯ ಕಡೆ ಹರಿಸಬೇಕು, ಫುಟ್‌ಪಾತ್ ಕಡೆಗಲ್ಲ.

ಮೇಲ್ಮೈ ಯಂತ್ರದಿಂದ ಹಾಸಿದ ಸಣ್ಣ ಜಲ್ಲಿಯ ಡಾಂಬರು ಆಗಿದ್ದರೆ ಒಳ್ಳೆಯದು. ಇಂಟರ್‌ಲಾಕ್ ಕಲ್ಲು ಕಣ್ಣಿಗೆ ಚೆನ್ನ, ಆದರೆ ಬೇರು ಎದ್ದಲ್ಲಿ, ಕೇಬಲ್ಲಿಗೆ ಅಗೆದಲ್ಲಿ ಏರುತಗ್ಗಾಗುತ್ತದೆ. ಹಸಿರು ಬಣ್ಣಕ್ಕೆ ಬರೀ ಪೇಂಟ್ ಬಳಿದರೆ ಒದ್ದೆಯಾದಾಗ ಜಾರುತ್ತದೆ; ಒರಟು ಮರಳು ಬೆರೆಸಿದ ಲೇಪ ಬೇಕು, ವಿಶೇಷವಾಗಿ ತಿರುವು ಮತ್ತು ಕ್ರಾಸಿಂಗ್‌ಗಳಲ್ಲಿ. ಇನ್ನು ಪಥ ರಸ್ತೆಗೆ ಇಳಿಯುವ ಜಾಗದ ಅಂಚು. ನಕ್ಷೆಯಲ್ಲಿ ಅದು ‘ಸಮಮಟ್ಟ’. ಕೆಲಸ ಮುಗಿದಾಗ ಅಲ್ಲಿ 2 ಸೆಂಟಿಮೀಟರಿನ ಮೆಟ್ಟಿಲು ಉಳಿದಿರುತ್ತದೆ, ಏಕೆಂದರೆ ಕರ್ಬ್ ಹಾಕುವ ತಂಡ ಬೇರೆ, ಡಾಂಬರು ಹಾಕುವ ತಂಡ ಬೇರೆ. ಆ 2 ಸೆಂಟಿಮೀಟರ್ ಪ್ರತಿ ಕ್ರಾಸಿಂಗ್‌ನಲ್ಲಿ ಚಕ್ರಕ್ಕೆ, ಬೆನ್ನಿಗೆ, ಗಾಲಿಕುರ್ಚಿಗೆ, ಮಗುವಿನ ತಳ್ಳುಗಾಡಿಗೆ ಏಟು ಕೊಡುತ್ತದೆ. ಬಿಲ್ ಪಾಸು ಮಾಡುವ ಮುನ್ನ ಎಂಜಿನಿಯರ್ ಒಮ್ಮೆ ಸೈಕಲ್ ಹತ್ತಿ ಇಡೀ ಪಥ ಸವಾರಿ ಮಾಡಬೇಕೆಂಬ ಷರತ್ತು ಹಾಕಿದರೆ ಇದರಲ್ಲಿ ಬಹುಪಾಲು ಅಲ್ಲೇ ಸರಿಹೋಗುತ್ತದೆ.

ಕಾರು ನುಗ್ಗದಂತೆ ಪಥದ ಬಾಯಲ್ಲಿ ಗೂಟ ನೆಡುವುದು ವಾಡಿಕೆ. ಗೂಟಗಳ ನಡುವೆ ಒಂದೂವರೆ ಮೀಟರ್ ಇದ್ದರೆ ಕಾರು ತೂರದು, ಹಿಂದೆ ಗಾಡಿ ಕಟ್ಟಿದ ಸೈಕಲ್ ತೂರುತ್ತದೆ. ಗೂಟಕ್ಕೆ ಬೆಳಕು ಪ್ರತಿಫಲಿಸುವ ಪಟ್ಟಿ ಬೇಕೇ ಬೇಕು, ನೆಲದ ಮೇಲೂ ಎರಡು ಮೂರು ಮೀಟರ್ ಮುಂಚೆಯೇ ಗುರುತು ಬೇಕು. ಮುಂದೆ ಹೋಗುವವರ ಬೆನ್ನಿಗೆ ಮರೆಯಾದ ಗೂಟಕ್ಕೆ ಹಿಂದಿನ ಸವಾರ ಗುದ್ದುವುದು ಇಂಥ ಪಥಗಳಲ್ಲಿ ತೀರ ಸಾಮಾನ್ಯ.

ಕೂಡುರಸ್ತೆಯ ತೊಡಕು

ಎರಡೂ ದಿಕ್ಕಿನ ಪಥಕ್ಕೆ ಜಾಗ ಕಡಿಮೆ ಸಾಕು, ಆದರೆ ಆ ಉಳಿತಾಯದ ಬೆಲೆಯನ್ನು ಕೂಡುರಸ್ತೆಯಲ್ಲಿ ತೆರಬೇಕು. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಸೇರುವ ಚಾಲಕ ವಾಹನ ಬರುವ ಕಡೆಗೇ ಕತ್ತು ತಿರುಗಿಸುತ್ತಾನೆ. ವಿರುದ್ಧ ದಿಕ್ಕಿನಿಂದ ಬರುವ ಸೈಕಲ್ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಇದಕ್ಕೆ ಬೋರ್ಡು ಮದ್ದಲ್ಲ. ಪಥವನ್ನು ರಸ್ತೆಯ ಅಂಚಿನಿಂದ ಸುಮಾರು 5 ಮೀಟರ್ ಒಳಕ್ಕೆ ಬಳಸಿ ತಂದರೆ, ತಿರುಗಿದ ಕಾರು ಒಂದು ಕಾರಿನ ಉದ್ದದಷ್ಟು ಜಾಗದಲ್ಲಿ ನಿಂತು ಸೈಕಲ್ಲಿಗೆ ದಾರಿ ಬಿಡಬಹುದು. ಕ್ರಾಸಿಂಗ್ ಅನ್ನು ಫುಟ್‌ಪಾತ್ ಮಟ್ಟದಲ್ಲೇ ಮುಂದುವರಿಸಿದರೆ ಕಾರು ಉಬ್ಬು ಹತ್ತಬೇಕಾಗಿ ವೇಗ ತಾನಾಗಿ ಇಳಿಯುತ್ತದೆ. ಕ್ರಾಸಿಂಗ್‌ಗೆ 10 ಮೀಟರ್ ಮುಂಚಿನಿಂದ ಪಾರ್ಕಿಂಗ್ ಇರಕೂಡದು, ಇದ್ದರೆ ನಿಂತ ವ್ಯಾನಿನ ಮರೆಯಿಂದ ಸೈಕಲ್ ದಿಢೀರನೆ ಪ್ರತ್ಯಕ್ಷವಾಗುತ್ತದೆ.

ಸೆವಿಲ್‌ನಲ್ಲಿ ಪಥದ ಕ್ರಾಸಿಂಗ್‌ಗಳನ್ನು ಸಾಮಾನ್ಯವಾಗಿ ಜೀಬ್ರಾ ಪಟ್ಟಿಯ ಪಕ್ಕದಲ್ಲೇ ತಂದರು. ಇದರಿಂದ ಸಿಗ್ನಲ್ ಕೆಲಸ ಅಗ್ಗವಾಯಿತು: ನಡೆಯುವವರ ಹಸಿರು ದೀಪದಲ್ಲೇ ಸೈಕಲ್ಲೂ ದಾಟುತ್ತದೆ. ನಡೆಯುವವರಿಗೆ ಸಾಕಾಗುವ ಸಮಯ ಸೈಕಲ್ಲಿಗೆ ಧಾರಾಳ. 15 ಮೀಟರ್ ರಸ್ತೆಯನ್ನು ಸೈಕಲ್ 4 ಸೆಕೆಂಡಿನಲ್ಲಿ ದಾಟಿದರೆ ವಯಸ್ಸಾದವರಿಗೆ ಸುಮಾರು 19 ಸೆಕೆಂಡ್ ಬೇಕು. ತೊಂದರೆ ಇರುವುದು ಎರಡು ಹಂತದ ಕ್ರಾಸಿಂಗ್‌ಗಳಲ್ಲಿ. ಮಧ್ಯದ ದ್ವೀಪದಲ್ಲಿ ನಿಲ್ಲಿಸಿ ಮತ್ತೊಂದು ಹಸಿರಿಗೆ ಕಾಯಿಸಿದರೆ, ಹತ್ತು ಹನ್ನೆರಡು ಸೈಕಲ್ಲುಗಳು ನಡೆಯುವವರ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ.

ಇಷ್ಟೆಲ್ಲ ಇದ್ದೂ ಸುರಕ್ಷತೆಯ ಒಟ್ಟು ಫಲ ಒಳ್ಳೆಯದೇ. ಸೆವಿಲ್ ವಿಶ್ವವಿದ್ಯಾಲಯದ ರಿಕಾರ್ದೊ ಮಾರ್ಕೆಸ್ ಮತ್ತವರ ಸಹೋದ್ಯೋಗಿಗಳ ಅಧ್ಯಯನದಲ್ಲಿ, ಜಾಲ ಬಂದ ನಂತರ ಪ್ರತಿ ಸೈಕಲ್ ಪ್ರಯಾಣದ ಅಪಾಯ ಗಮನಾರ್ಹವಾಗಿ ತಗ್ಗಿದ್ದು ಕಂಡಿತು. ಜಾಲ ಮತ್ತು ಸವಾರರ ಸಂಖ್ಯೆ ಒಟ್ಟಿಗೆ ಹೆಚ್ಚಿದ್ದರಿಂದ ಚಾಲಕರ ಕಣ್ಣೂ ಸೈಕಲ್ಲಿಗೆ ಒಗ್ಗಿಕೊಂಡಿತು.

ದುಡ್ಡಿನ ಲೆಕ್ಕ

ಜಾಲಕ್ಕೆ ಖರ್ಚಾದದ್ದು ಸುಮಾರು 3.2 ಕೋಟಿ ಯೂರೋ. ಯಾವ ಹಂತದವರೆಗೆ ಲೆಕ್ಕ ಹಿಡಿಯುತ್ತೇವೆ ಎಂಬುದರ ಮೇಲೆ ಕಿಲೋಮೀಟರಿಗೆ ಎರಡೂವರೆಯಿಂದ ನಾಲ್ಕು ಲಕ್ಷ ಯೂರೋ. ಹೆದ್ದಾರಿಯಾಗಿದ್ದರೆ ಆ 3.2 ಕೋಟಿಯಲ್ಲಿ ಐದಾರು ಕಿಲೋಮೀಟರ್ ಮಾತ್ರ ಆಗುತ್ತಿತ್ತು. 2009ರಲ್ಲಿ ತೆರೆದ ಇದೇ ಊರಿನ ಮೆಟ್ರೋದ 18 ಕಿಲೋಮೀಟರಿನ ಮೊದಲ ಮಾರ್ಗಕ್ಕೆ 60 ಕೋಟಿ ಯೂರೋಗೂ ಹೆಚ್ಚು ತಗುಲಿತು. ಮೆಟ್ರೋ ಬೇಡವೆಂದಲ್ಲ; ದೂರದ ಉಪನಗರಗಳಿಗೆ ಅದೇ ಬೇಕು. ಆದರೆ ಐದು ಕಿಲೋಮೀಟರ್ ಒಳಗಿನ ಓಡಾಟಕ್ಕೆ ಸರಕಾರದ ಒಂದು ಯೂರೋ ಎಲ್ಲಿ ಹೆಚ್ಚು ಜನರನ್ನು ಹೊತ್ತೊಯ್ಯುತ್ತದೆ ಎಂದು ಕೇಳಿದರೆ ಉತ್ತರದಲ್ಲಿ ಗೊಂದಲವಿಲ್ಲ.

ಒಂದು ಎಚ್ಚರಿಕೆ. ಹೊಸದಾಗಿ ಸೈಕಲ್ ಹತ್ತಿದವರೆಲ್ಲ ಕಾರು ಬಿಟ್ಟು ಬಂದವರಲ್ಲ. ಬಸ್ಸಿನಿಂದ ಬಂದವರೂ ನಡೆಯುತ್ತಿದ್ದವರೂ ಅದರಲ್ಲಿ ಸಾಕಷ್ಟಿದ್ದರು. ಹೊಗೆ ಇಳಿಕೆಯ ಲೆಕ್ಕ ಬರೆಯುವಾಗ ಪ್ರತಿ ಸೈಕಲ್ ಪ್ರಯಾಣವನ್ನೂ ಒಂದು ಕಾರಿಗೆ ಬದಲು ಎಂದು ಹಿಡಿದರೆ ಅದು ಉಬ್ಬಿಸಿದ ಲೆಕ್ಕ. ಯೋಜನಾ ವರದಿಯಲ್ಲಿ ಹಾಗೆ ಬರೆದಾಗ ಮೇಲಿನವರಿಗೆ ಖುಷಿ, ಐದು ವರ್ಷದ ನಂತರ ಲೆಕ್ಕ ಪರಿಶೋಧನೆಯಲ್ಲಿ ಇಡೀ ಯೋಜನೆಯೇ ಸುಳ್ಳೆಂಬ ಮಾತು.

ನಡೆಯುವವರ ಪಾಲಿಗೆ ಬಂದದ್ದು

ಇದೇ ವರ್ಷಗಳಲ್ಲಿ ಕ್ಯಾಥೆಡ್ರಲ್ ಮುಂದಿನ ಕೊನ್ಸ್ತಿತುಸಿಯೊನ್ ಅವೆನ್ಯೂದಿಂದ ಕಾರು, ಬಸ್ಸುಗಳನ್ನು ಹೊರಹಾಕಿ, ಟ್ರ್ಯಾಮ್ ಮತ್ತು ನಡೆಯುವವರಿಗೆ ಬಿಟ್ಟುಕೊಟ್ಟರು. ಟ್ರ್ಯಾಮ್ 2007ರ ಅಕ್ಟೋಬರಿನಲ್ಲಿ ಓಡತೊಡಗಿತು. ಅದು ದೊಡ್ಡ ಗಳಿಕೆ. ಆದರೆ ಉಳಿದ ಊರಿನಲ್ಲಿ ನಡೆಯುವವರ ಅನುಭವ ಬೆರಕೆಯಾಗಿತ್ತು. ಪಥ ಫುಟ್‌ಪಾತ್ ಮಟ್ಟದಲ್ಲೇ ಇದ್ದು, ಎರಡಕ್ಕೂ ನಡುವೆ ಬರೀ ಬಣ್ಣದ ವ್ಯತ್ಯಾಸವಿದ್ದಲ್ಲಿ, ಮಾತಾಡುತ್ತ ಬರುವವರು ಅರಿವಿಲ್ಲದೆ ಪಥಕ್ಕೆ ಕಾಲಿಡುತ್ತಾರೆ. ದೃಷ್ಟಿ ಮಂದವಾದವರಿಗೆ ಹಸಿರೂ ಬೂದೂ ಒಂದೇ. ಕೋಲಿಗೆ, ಪಾದಕ್ಕೆ ತಾಗುವ ಗುರುತು ಬೇಕಿತ್ತು: ಪಥವನ್ನು 5–6 ಸೆಂಟಿಮೀಟರ್ ತಗ್ಗಿಸಿ, ಅಂಚಿಗೆ ಓರೆ ಕರ್ಬ್ ಕೊಟ್ಟಿದ್ದರೆ ಈ ಜಗಳದಲ್ಲಿ ಮುಕ್ಕಾಲು ಹುಟ್ಟುತ್ತಲೇ ಇರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಓರೆ ಏಕೆಂದರೆ ಚಕ್ರ ತಾಗಿದರೂ ಸವಾರ ಉರುಳುವುದಿಲ್ಲ.

ಬಸ್ ನಿಲ್ದಾಣಗಳಲ್ಲಿ ಇದೇ ಸಮಸ್ಯೆ ಇನ್ನೂ ತೀಕ್ಷ್ಣ. ಪಥ ನಿಲ್ದಾಣದ ಹಿಂದಿನಿಂದ ಹಾಯಬೇಕು; ಬಸ್ಸು ಇಳಿದವರಿಗೆ ನಿಲ್ಲಲು ಕನಿಷ್ಠ 2 ಮೀಟರ್ ಅಗಲದ ದ್ವೀಪ, ಅಲ್ಲಿಂದ ಫುಟ್‌ಪಾತ್‌ಗೆ ಪಥವನ್ನು ದಾಟಲು ಜೀಬ್ರಾ ಬೇಕು. ದ್ವೀಪಕ್ಕೆ ಜಾಗವಿಲ್ಲದೆ ಪಥವನ್ನು ಬಸ್ಸಿನ ಬಾಗಿಲ ಎದುರೇ ತಂದರೆ, ಇಳಿಯುವ ಮೊದಲ ಹೆಜ್ಜೆಯೇ ಸೈಕಲ್ಲಿನ ದಾರಿಗೆ.

2011ರ ನಂತರ

ಹಳೇ ಪಟ್ಟಣದೊಳಕ್ಕೆ ಹೊರಗಿನವರ ಕಾರುಗಳನ್ನು 45 ನಿಮಿಷಕ್ಕೆ ಸೀಮಿತಗೊಳಿಸಿದ ‘ಪ್ಲಾನ್ ಸೆಂತ್ರೊ’ 2010ರ ಕೊನೆಗೆ ಜಾರಿಯಾಯಿತು. 2011ರ ಮಾರ್ಚಿನಲ್ಲಿ ‘ವೆಲೊ-ಸಿಟಿ’ ಎಂಬ ಅಂತರರಾಷ್ಟ್ರೀಯ ಸೈಕಲ್ ಸಮ್ಮೇಳನ ಈ ಊರಿನಲ್ಲೇ ನಡೆಯಿತು. ಎರಡು ತಿಂಗಳ ಬಳಿಕ ಚುನಾವಣೆಯಲ್ಲಿ ‘ಪಾರ್ತಿದೊ ಪೊಪುಲಾರ್’ ಎಂಬ ಬಲಪಂಥೀಯ ಪಕ್ಷದ ಹುವಾನ್ ಇಗ್ನಾಸಿಯೊ ಸೊಯಿದೊ 33ರಲ್ಲಿ 20 ಸ್ಥಾನ ಗೆದ್ದು ಮೇಯರ್ ಆದರು. ಕಾರು ನಿರ್ಬಂಧ ಕೆಲವೇ ವಾರಗಳಲ್ಲಿ ರದ್ದಾಯಿತು. ಸೈಕಲ್ ಪಥಗಳನ್ನು ಮಾತ್ರ ಯಾರೂ ಕೀಳಲಿಲ್ಲ. ದಿನಕ್ಕೆ 70,000 ಪ್ರಯಾಣ ನಡೆಯುವ ಪಥವನ್ನು ಕೀಳುವ ಧೈರ್ಯ ಯಾವ ಪಕ್ಷಕ್ಕೂ ಬಾರದು. ಆದೇಶದ ಮೂಲಕ ಬಂದದ್ದು ಆದೇಶದಿಂದಲೇ ಹೋಯಿತು, ಕರ್ಬ್ ಕಲ್ಲಿನಲ್ಲಿ ಬಂದದ್ದು ಉಳಿಯಿತು.

ಆದರೆ ಹೂಡಿಕೆ ಕುಗ್ಗಿತು. ನಂತರದ ವರ್ಷಗಳಲ್ಲಿ ಸೈಕಲ್ ಬಳಕೆ ಏರುವುದನ್ನು ನಿಲ್ಲಿಸಿ ತುಸು ಇಳಿಯಿತು. ಇಂಥ ಜಾಲಕ್ಕೆ ಬಂಡವಾಳ ವೆಚ್ಚವನ್ನು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಸರಕಾರಗಳು ಮರೆಯುವ ಬಾಬತ್ತುಗಳು ಹೆಚ್ಚೇನಿಲ್ಲ: ಬೇರು ಎಬ್ಬಿಸಿದ ಡಾಂಬರನ್ನು ಕತ್ತರಿಸಿ ಮತ್ತೆ ಹಾಸುವುದು, ಮಾಸಿದ ಹಸಿರನ್ನು ಕ್ರಾಸಿಂಗ್‌ಗಳಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಬಳಿಯುವುದು, ಮುರಿದ ಗೂಟ ಬದಲಿಸುವುದು, ಎಲೆ ಮತ್ತು ಗಾಜಿನ ಚೂರು ಗುಡಿಸುವುದು, ಕೇಬಲ್ಲಿಗೆ ಅಗೆದ ಸಂಸ್ಥೆಯಿಂದ ಪಥದ ಪೂರ್ತಿ ಅಗಲಕ್ಕೆ ಮರುಹಾಸು ಮಾಡಿಸುವುದು. ಕೊನೆಯದರಲ್ಲಿ ಹಟ ಹಿಡಿಯಬೇಕು. ಅಗೆದ 40 ಸೆಂಟಿಮೀಟರ್ ಪಟ್ಟಿಯನ್ನಷ್ಟೇ ಮುಚ್ಚಿದರೆ ಪಥದ ಉದ್ದಕ್ಕೂ ಒಂದು ತಗ್ಗು ಗೆರೆ ಉಳಿದು, ತೆಳು ಟೈರು ಅದರೊಳಗೆ ಸಿಕ್ಕಿಕೊಳ್ಳುತ್ತದೆ.

ಅಗಲದ ಪ್ರಶ್ನೆಯಂತೂ ಬಾಕಿಯೇ ಉಳಿದಿದೆ. ಸವಾರರೇ ಇಲ್ಲದ ಊರಿನಲ್ಲಿ ಜಾಗ ಗಿಟ್ಟಿಸಲು 2.5 ಮೀಟರ್ ಸರಿಯಾದ ಆಯ್ಕೆಯಾಗಿತ್ತು. ಮಧ್ಯದಲ್ಲಿ ಮರ, ಕಂಬ ಬಂದಲ್ಲಿ ಅದಕ್ಕಿಂತಲೂ ಕಿರಿದಾದ ತುಂಡುಗಳಿವೆ. ಎರಡೂ ದಿಕ್ಕಿನಿಂದ ಸಾಲುಗಟ್ಟಿ ಬರುವಾಗ, ಸರಕು ಸೈಕಲ್ ಮತ್ತು ವಿದ್ಯುತ್ ಸ್ಕೂಟರ್ ಸೇರಿಕೊಂಡಾಗ, ಹಿಂದಿಕ್ಕಲು ಸುರಕ್ಷಿತ ಅಗಲ 3.5 ಮೀಟರ್. ಆ ಹೆಚ್ಚಿನ ಒಂದು ಮೀಟರನ್ನು ಒಳಗಿನ ಅಂಚಿನಿಂದ ತೆಗೆದರೆ ಅದು ಫುಟ್‌ಪಾತ್‌ನ ಮೀಟರ್, ಈಗಾಗಲೇ ಮುನಿಸಿಕೊಂಡಿರುವ ನಡೆಯುವವರ ಮೀಟರ್. ಹೊರಗಿನ ಅಂಚಿನಿಂದ ತೆಗೆಯಬೇಕಾದರೆ 2007ರಲ್ಲಿ ಹಾಕಿದ ಕರ್ಬ್ ಕಿತ್ತು, ಆಗ ಸರಿಸಿದ ನೀರಿನ ಜಾಲರಿಗಳನ್ನು ಮತ್ತೊಮ್ಮೆ ಸರಿಸಿ, ಇನ್ನೊಂದು ವಾಹನ ಪಥ ಕೇಳಬೇಕು.